ಸಿಂಧನೂರಿನಲ್ಲಿ ಕೊಂಡ ಮಗ

ಹೊರಡುವ ಮುಂಚೆ

ನಮ್ಮ ಮನೆಯಲ್ಲಿ ನನ್ನನ್ನು ಈಗಲೂ "ಫಾರಿನ್‌ಗೆ ಹೋಗಿ ಬಂದವಳು" ಅಂತ ರೇಗಿಸುತ್ತಾರೆ. ನಾನು ಹೋಗಿದ್ದು ರಾಯಚೂರು ಜಿಲ್ಲೆಗೆ. ಆದರೆ ಹೋಗಿದ್ದು ವಿದೇಶಿ ಡಾಕ್ಟರುಗಳ ಜೊತೆ, ಮಲಗಿದ್ದು ಡೇರೆಯಲ್ಲಿ, ತಿಂದಿದ್ದು ತಗಡಿನ ಡಬ್ಬಿಯ ಬಿಸ್ಕತ್ತು. ಸಾಲದ್ದಕ್ಕೆ ಅಲ್ಲಿಯ ಜನ ಆಡುವ ಮಾತು ಮೊದಲ ಮೂರು ದಿನ ನನಗೆ ಅರ್ಥವೇ ಆಗಲಿಲ್ಲ. ಇಷ್ಟೆಲ್ಲ ಆದಮೇಲೆ ಅದು ಫಾರಿನ್ ಅಲ್ಲ ಅಂತ ವಾದಿಸುವ ಹಕ್ಕನ್ನು ನಾನು ಬಿಟ್ಟುಕೊಟ್ಟಿದ್ದೇನೆ.

ರಾಜ್ಯ ಒಂದಾಗಿ ಹತ್ತು ವರ್ಷ ಕಳೆದಿದ್ದಿರಬೇಕು. ನಾನು ಮೈಸೂರಿನ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿಕೊಡುತ್ತಿದ್ದೆ. ಬಡ ಮಕ್ಕಳಿಗೆ ಧರ್ಮಾರ್ಥವಾಗಿ ಆಪರೇಷನ್ ಮಾಡುವ ತಂಡವೊಂದು ಸಮುದ್ರದಾಚೆಯಿಂದ ಬಂದಿದೆ, ಹದಿನೈದು ದಿನ ಲಿಂಗಸುಗೂರಿನಲ್ಲಿ ಬೀಡುಬಿಡುತ್ತದೆ, ಕನ್ನಡವನ್ನೂ ಇಂಗ್ಲಿಷನ್ನೂ ಬಲ್ಲ ಹೆಂಗಸೊಬ್ಬಳು ದುಭಾಷಿಯಾಗಿ ಬೇಕು ಅಂತ ನಮ್ಮ ಹೆಡ್‌ಮಿಸ್ಟ್ರೆಸ್ಸಿಗೆ ಕಾಗದ ಬಂತು. ಅವರು ನನ್ನ ಕಡೆ ನೋಡಿದರು. ನನಗೆ ಮಕ್ಕಳಿಲ್ಲ, ನಮ್ಮ ಯಜಮಾನರಿಗೋ ಹದಿನೈದು ದಿನ ನಿಶ್ಚಿಂತೆಯಿಂದ ಹೋಟೆಲಿನ ಮಸಾಲೆದೋಸೆ ತಿನ್ನುವ ಆಸೆ. ರಜ ಬರೆದುಕೊಟ್ಟು ಹೊರಟೆ.

ಎರಡು ಕಡೆ ರೈಲು ಬದಲಾಯಿಸಿದೆ. ಗುಂತಕಲ್ಲಿನ ನೂಕುನುಗ್ಗಲಿನಲ್ಲಿ ಎಡಗಾಲಿನ ಚಪ್ಪಲಿ ಹೋಯಿತು. ಒಂದೇ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು ರಾಯಚೂರಿನ ಪ್ಲಾಟ್‌ಫಾರ್ಮಿನಲ್ಲಿ ಇಳಿದವಳನ್ನು ನೋಡಿ, ನನಗಾಗಿ ಕಾಯುತ್ತಿದ್ದ ದೊಡ್ಡ ಡಾಕ್ಟರು ತಮ್ಮ ಕಾಲಿನ ಎರಡೂ ಚಪ್ಪಲಿ ಬಿಚ್ಚಿ ಕೈಗೆತ್ತಿಕೊಂಡರು. ಡಾಕ್ಟರ್ ಎಲ್ಸಾ ಪರಿಚಯವಾದದ್ದು ಹಾಗೆ. ಐವತ್ತು ದಾಟಿದ, ಎತ್ತರದ ಹೆಂಗಸು. ನಗುವುದು ಕಡಿಮೆ, ಆದರೆ ಎದುರಿಗಿದ್ದವರಿಗೆ ನಾಚಿಕೆಯಾಗದಂತೆ ನೋಡಿಕೊಳ್ಳುವುದರಲ್ಲಿ ಅವರ ಸಮ ಯಾರೂ ಇಲ್ಲ.

ಲಿಂಗಸುಗೂರು, ಮೊದಲ ದಿನಗಳು

ಬಸ್ಸಿನ ಕಿಟಕಿಯಿಂದ ನೋಡಿ ನೋಡಿ ನನ್ನ ಕಣ್ಣು ಸೋತವು. ನಮ್ಮ ಕಡೆ ಎಲ್ಲಿ ದೃಷ್ಟಿ ಹಾಯಿಸಿದರೂ ಒಂದು ತೋಪೋ ಒಂದು ಕೆರೆ ಏರಿಯೋ ಅಡ್ಡ ಬರುತ್ತದೆ. ಇಲ್ಲಿ ಅಡ್ಡ ಬರುವುದಕ್ಕೆ ಏನೂ ಇಲ್ಲ. ಕಪ್ಪು ನೆಲ, ಅದರಂಚಿಗೆ ಆಕಾಶ. ಅಲ್ಲಲ್ಲಿ ಯಾರೋ ಪೇರಿಸಿಟ್ಟು ಮರೆತು ಹೋದ ಹಾಗೆ ಬಂಡೆಗುಡ್ಡಗಳು. ಅಷ್ಟು ದೊಡ್ಡ ಆಕಾಶವನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

"ಇದು ನಿಮ್ಮ ದೇಶವೇ ತಾನೆ?" ಅಂತ ಎಲ್ಸಾ ಕೇಳಿದರು.

"ಹೌದು."

"ಮೊದಲು ಬಂದಿದ್ದೀರಾ?"

"ಇಲ್ಲ."

ಅವರೂ ಕಿಟಕಿಯ ಕಡೆ ತಿರುಗಿದರು.

ಲಿಂಗಸುಗೂರಿನ ಒಂದು ಶಾಲೆಯನ್ನೇ ಆಸ್ಪತ್ರೆ ಮಾಡಿದ್ದರು. ತರಗತಿಗಳಲ್ಲಿ ಮಂಚ, ಅಂಗಳದಲ್ಲಿ ಡೇರೆ. ನಾವು ಹೋಗುವಷ್ಟರಲ್ಲಿ ಅಂಗಳ ತುಂಬಿಹೋಗಿತ್ತು. ಮುದಗಲ್ ಕಡೆಯಿಂದ ಒಂದೂವರೆ ದಿನ ನಡೆದು ಬಂದವರಿದ್ದರು. ಹಟ್ಟಿಯ ಗಣಿಯಲ್ಲಿ ಪಾಳಿ ಮುಗಿಸಿ ಅದೇ ಬಟ್ಟೆಯಲ್ಲಿ ಮಗುವನ್ನು ಹೆಗಲಿಗೆ ಹಾಕಿಕೊಂಡು ಬಂದ ಅಪ್ಪಂದಿರಿದ್ದರು. ಅಷ್ಟು ಜನ ಇದ್ದರೂ ಗಲಾಟೆ ಇಲ್ಲ. ನಮ್ಮ ಸ್ಕೂಲಿನಲ್ಲಿ ಹತ್ತು ಹುಡುಗಿಯರನ್ನು ಸಾಲಾಗಿ ನಿಲ್ಲಿಸುವುದಕ್ಕೆ ನನ್ನ ಗಂಟಲು ಹರಿಯುತ್ತದೆ. ಇಲ್ಲಿ ನೂರಾರು ತಾಯಂದಿರು ಬಿಸಿಲಲ್ಲಿ ಕೂತು, ನಮಗಿಂತ ಆ ಕೂಸಿಗೆ ಜಾಸ್ತಿ ಆಗಿದೆ, ಅದು ಮೊದಲು ಹೋಗಲಿ ಅಂತ ತಮ್ಮತಮ್ಮಲ್ಲೇ ತೀರ್ಮಾನ ಮಾಡಿಕೊಂಡು ಒಳಗೆ ಕಳಿಸುತ್ತಿದ್ದರು. ಎಲ್ಸಾ ಅದನ್ನು ಗಮನಿಸಿ, ನನ್ನ ಅರ್ಧ ಕೆಲಸ ಇವರೇ ಮಾಡಿದ್ದಾರೆ ಅಂದರು.

ನನ್ನ ಕೆಲಸದ ಮಾನ ಮಾತ್ರ ಮೊದಲನೆಯ ಗಂಟೆಯಲ್ಲೇ ಹೋಯಿತು. ಒಬ್ಬ ತಾಯಿ ಬಂದು ಕೂತು "ಕೂಸಿಗೆ ಜಡ್ಡ ಆಗೇತ್ರಿ" ಅಂದಳು. ನಮ್ಮಲ್ಲಿ ಜಡ್ಡು ಅಂದರೆ ಕೆಲಸ ಮಾಡಿ ಮಾಡಿ ಅಂಗೈ ಗಟ್ಟಿಯಾಗುವುದು. ನಾನು ಅದನ್ನೇ ಶುದ್ಧವಾದ ಇಂಗ್ಲಿಷಿನಲ್ಲಿ ಹೇಳಿದೆ. ಎಲ್ಸಾ ಆ ಎಂಟು ತಿಂಗಳ ಕೂಸಿನ ಅಂಗೈ ಅಂಗಾಲುಗಳನ್ನೆಲ್ಲ ತಿರುಗಿಸಿ ತಿರುಗಿಸಿ ನೋಡಿ ನನ್ನ ಮುಖ ನೋಡಿದರು.

ಪಕ್ಕದಲ್ಲಿ ಔಷಧಿ ಕಟ್ಟುತ್ತಿದ್ದ ಊರಿನ ಕಂಪೌಂಡರ್ ಖಾದರ್ ಸಾಬರು ಮೀಸೆಯಲ್ಲೇ ನಕ್ಕರು. "ಜಡ್ಡ ಅಂದ್ರ ಬೀಮಾರಿ ರೀ ಅಕ್ಕಾರ. ಮೈಯಾಗ ಆರಾಮಿಲ್ಲ ಅನ್ನಾಕತ್ತಾಳ."

ಅಲ್ಲಿಂದ ಮುಂದೆ ದುಭಾಷಿಗೇ ಒಬ್ಬ ದುಭಾಷಿ ಬೇಕಾಯಿತು. ರೋಗಿ ಹೇಳಿದ್ದನ್ನು ಖಾದರ್ ಸಾಬರು ನನಗೆ ಹೇಳಬೇಕು, ನಾನು ಎಲ್ಸಾಗೆ ಹೇಳಬೇಕು. ಸಾಬರು ಮಾತ್ರ ಒಂದು ದಿನವೂ ನನ್ನನ್ನು ಸಣ್ಣವಳು ಮಾಡಲಿಲ್ಲ. "ಮೈಸೂರು ಕನ್ನಡ ಭಾಳ ಚೆಂದ ರೀ, ಕೇಳಾಕ ಹಾಡಿದಂಗ ಇರತೈತಿ, ತಿಳಿಯಂಗಿಲ್ಲ ಅಷ್ಟ" ಅನ್ನುತ್ತಿದ್ದರು.

ಲಿಂಗಸುಗೂರು, ನಾಲ್ಕನೆಯ ದಿನ

ನಾಲ್ಕನೆಯ ದಿನ ಬೆಳಿಗ್ಗೆ ಒಂದು ಕಿರುಚಾಟ ಗೇಟಿನ ಹತ್ತಿರದಿಂದಲೇ ಕೇಳಿಸಿತು. ಸಾಲಿನಲ್ಲಿದ್ದ ಹೆಂಗಸರೆಲ್ಲ ತಾವಾಗಿ ಎದ್ದು ದಾರಿ ಬಿಟ್ಟರು. ಮಸ್ಕಿ ಹತ್ತಿರದ ಹಳ್ಳಿಯವಳು, ದುರುಗಮ್ಮ ಅಂತ ಹೆಸರು, ಮೂರು ವರ್ಷದ ಗಂಡುಮಗುವನ್ನು ಎತ್ತಿಕೊಂಡು ಬಂದಳು. ಮಗು ತೊಡೆ ಹಿಂಡಿಕೊಂಡು ಬಿಲ್ಲಿನ ಹಾಗೆ ಹಿಂದಕ್ಕೆ ಬಾಗುತ್ತಿತ್ತು. ಉಚ್ಚೆ ಕಟ್ಟಿ ಒಂದು ದಿನವಾಗಿತ್ತು.

ಎಲ್ಸಾ ಹೊಟ್ಟೆ ಮುಟ್ಟಿ ನೋಡಿ, ಸಪೂರವಾದ ರಬ್ಬರ್ ನಳಿಗೆ ಹಾಕಿ ಉಚ್ಚೆ ತೆಗೆದರು. ಮಗು ಅಳುವುದನ್ನು ನಿಲ್ಲಿಸಿ, ಹಾಗೇ ದುರುಗಮ್ಮನ ಎದೆಗೆ ಬಾಯಿ ಹಾಕಿ ನಿದ್ದೆಹೋಯಿತು. ಎಲ್ಸಾ ಕೈ ತೊಳೆಯುತ್ತಾ ಹೇಳಿದರು: ಮೂತ್ರದ ಚೀಲದಲ್ಲಿ ಕಲ್ಲಿದೆ. ಬಾಯಿಗೇ ಬಂದು ಕೂತಿದೆ. ನಳಿಗೆ ಎರಡು ದಿನ ಕಾಯುತ್ತದೆ, ಹೆಚ್ಚಿಲ್ಲ. ತೆಗೆದರೆ ಬದುಕುತ್ತಾನೆ. ತೆಗೆಯದಿದ್ದರೆ ಮೂತ್ರಪಿಂಡ ಕೆಟ್ಟು ಸತ್ತುಹೋಗುತ್ತಾನೆ.

ನಾನು ಒಪ್ಪಿಗೆಯ ಕಾಗದ ತೆಗೆದುಕೊಂಡು ಕೂತೆ. ಮಗುವಿನ ಹೆಸರು ತಿಪ್ಪಣ್ಣ ಅಂದಳು. ಬರೆದೆ.

"ಇವನು ನಿನಗೆ ಏನಾಗಬೇಕು?"

"ಏನೂ ಆಗಬೇಕಿಲ್ರಿ."

"ಹಾಗಂದರೆ? ನಿನ್ನ ಮಗ ತಾನೆ?"

"ಅಲ್ರಿ."

ನಾನು ಮಗುವಿನ ಮುಖ ನೋಡಿದೆ, ಅವಳ ಮುಖ ನೋಡಿದೆ. ಅದೇ ಮೂಗು, ಅದೇ ಗಲ್ಲದ ಗುಳಿ. ಅಚ್ಚಿನಲ್ಲಿ ಹೊಯ್ದ ಹಾಗಿದ್ದಾರೆ. ಮಗು ಅವಳ ಹಾಲು ಕುಡಿಯುತ್ತಿದೆ. "ಮತ್ತೆ ಯಾರ ಮಗ?"

"ಹುಸೇನಮ್ಮಂದ್ರಿ."

"ಹುಸೇನಮ್ಮ ಎಲ್ಲಿದ್ದಾಳೆ?"

"ಕ್ಯಾಂಪಿನ್ಯಾಗ ಅದಾಳ್ರಿ."

ಸರಿ, ನಮ್ಮ ಕ್ಯಾಂಪಿನಲ್ಲೇ ಇದ್ದಾಳಲ್ಲ, ಇನ್ನೇನು ತೊಂದರೆ ಅಂತ ನಾನು ಅಂಗಳಕ್ಕೆ ಇಳಿದೆ. ಡೇರೆ ಡೇರೆಗೂ ಹೋಗಿ ಹುಸೇನಮ್ಮ, ಹುಸೇನಮ್ಮ ಅಂತ ಕೂಗಿದೆ. ನಾಲ್ಕು ಜನ ಹುಸೇನಮ್ಮಂದಿರು ಸಿಕ್ಕಿದರು. ಮೂವರ ಹಣೆಯಲ್ಲಿ ಕುಂಕುಮವಿತ್ತು, ಒಬ್ಬಳ ಹಣೆಯಲ್ಲಿ ಮೂರು ಬೆರಳ ವಿಭೂತಿ. ಮೊಹರಮ್ಮಿನ ದೇವರಿಗೆ ಹರಕೆ ಹೊತ್ತು ಹುಟ್ಟಿದವರಿಗೆ ಆ ಹೆಸರಂತೆ; ಈ ಸೀಮೆಯಲ್ಲಿ ಅದೊಂದು ವಿಶೇಷವೇ ಅಲ್ಲ. ನಾನು ಬೆರಗಾಗಿ ನಿಂತಿದ್ದನ್ನು ನೋಡಿ ಅವರಿಗೇ ವಿಚಿತ್ರವಾಯಿತು. ಆದರೆ ನಾಲ್ವರೂ ತಿಪ್ಪಣ್ಣ ನಮ್ಮವನಲ್ಲ ಅಂದುಬಿಟ್ಟರು. ಮಧ್ಯಾಹ್ನದವರೆಗೆ ಹುಡುಕಿದೆ.

ಕೊನೆಗೆ ಖಾದರ್ ಸಾಬರಿಗೆ ವಿಷಯ ಗೊತ್ತಾಗಿ ಹಣೆ ಚಚ್ಚಿಕೊಂಡರು. "ಅಯ್ಯ, ಈ ಕ್ಯಾಂಪ್ ಅಲ್ರೀ ಅಕ್ಕಾರ! ಕಾಲುವಿ ನೀರು ಬಂದ ಮ್ಯಾಲ ಆಂಧ್ರದ ಮಂದಿ ಬಂದು ಸಿಂಧನೂರ ಕಡೆ ಹೊಲ ಹಿಡಿದು ಊರು ಕಟ್ಟ್ಯಾರಲ್ಲ, ಅವಕ್ಕ ಕ್ಯಾಂಪ್ ಅಂತಾರ. ಹುಸೇನಮ್ಮ ನೆಲ್ಲು ನಾಟಿ ಮಾಡಾಕ ಅಲ್ಲಿ ಹೋಗಿರಬೇಕು."

ಆಮೇಲೆ ಅವರು ದುರುಗಮ್ಮನ ಹತ್ತಿರ ಕೂತು ಮೆಲ್ಲಗೆ ಕೇಳಿ ತಿಳಿದುಕೊಂಡು ಬಂದು ನನಗೆ ಬಿಡಿಸಿ ಹೇಳಿದರು. ತಿಪ್ಪಣ್ಣನಿಗಿಂತ ಮುಂಚೆ ದುರುಗಮ್ಮನಿಗೆ ಮೂರು ಮಕ್ಕಳು. ಮೂರೂ ವರ್ಷ ತುಂಬುವ ಮೊದಲೇ ಹೋದವು. ನಾಲ್ಕನೆಯದು ಹುಟ್ಟಿದ ಕೂಡಲೇ ತಿಪ್ಪೆಯ ಮೇಲೆ ಮಲಗಿಸಿ, ಇದು ನನಗೆ ಬೇಡ ಅಂತ ತಿರುಗಿ ನೋಡದೆ ಬಂದಳು. ಸೂಲಗಿತ್ತಿ ಹುಸೇನಮ್ಮ ಒಂದು ಮೊರ ತೌಡು ಕೊಟ್ಟು ಆ ಕೂಸನ್ನು ಕೊಂಡುಕೊಂಡಳು. ಆಮೇಲೆ, ನನ್ನ ಕೂಸನ್ನು ನೀನು ಸಾಕು ಅಂತ ದುರುಗಮ್ಮನ ಕೈಗೇ ಕೊಟ್ಟಳು. ಅದಕ್ಕೇ ಅವನು ತಿಪ್ಪಣ್ಣ. ಅದಕ್ಕೇ ಅವನು ಹುಸೇನಮ್ಮನ ಮಗ.

"ಆಕಿ ಬಾಯಿಲೆ ನನ್ನ ಮಗ ಅಂತ ಒಮ್ಮಿ ಬಂತಂದ್ರ, ಸಾವಿಗೆ ಮನಿ ಪತ್ತಾ ಕೊಟ್ಟಂಗ ರೀ" ಅಂದರು ಖಾದರ್ ಸಾಬರು.

ನನಗೆ ಸಿಟ್ಟು ನೆತ್ತಿಗೇರಿತು. ವರ್ಷವರ್ಷವೂ ಮೂಢನಂಬಿಕೆಯ ಮೇಲೆ ಹುಡುಗಿಯರ ಕೈಯಲ್ಲಿ ಪ್ರಬಂಧ ಬರೆಸುವವಳು ನಾನು. ದುರುಗಮ್ಮನ ಮುಂದೆ ಕುಕ್ಕರುಗಾಲಲ್ಲಿ ಕೂತು, ಮಗುವಿನ ಜೀವಕ್ಕಿಂತ ನಿನ್ನ ಒಣನಂಬಿಕೆ ದೊಡ್ಡದಾ, ಒಂದೇ ಒಂದು ಸಲ ನನ್ನ ಮಗ ಅನ್ನು, ಇಲ್ಲಿ ಹೆಬ್ಬೆಟ್ಟು ಒತ್ತು, ಸಾಕು ಅಂದೆ. ಮಗ ಅನ್ನುವುದು ಬೇಡ, ಸಾಕಿದವಳು ಅಂತ ಬರೆಯುತ್ತೇನೆ ಅಂತಲೂ ಅಂದೆ. ಅವಳು ನನ್ನನ್ನೇ ನೋಡುತ್ತಾ ಕೇಳಿಸಿಕೊಂಡಳು.

"ಅವನ ಹೆಸರಿನ ಬಾಜೂಕ ನನ್ನ ಬೆರಳು ಬ್ಯಾಡ್ರಿ" ಅಂದಳು. ಮಗುವಿನ ತಲೆ ಸವರುತ್ತಾ ಹೇಳಿದಳು: "ಮೂರು ಸಲ ಅಂದು ನೋಡೀನ್ರಿ ನನ್ನವು ಅಂತ."

ನಾನು ಕಾಗದ ಮಡಚಿದೆ. ಗಂಡನನ್ನು ಕರೆಸೋಣವೆಂದರೆ ಅವನು ಕುರಿ ಹೊಡೆದುಕೊಂಡು ಯಾವ ಸೀಮೆಗೆ ಹೋಗಿದ್ದನೋ. ಬಂದರೂ ಅವನೂ ಇದನ್ನೇ ಹೇಳುತ್ತಾನೆ ಅಂದರು ಖಾದರ್ ಸಾಬರು. ಎಲ್ಸಾಗೆ ಎಲ್ಲವನ್ನೂ ಹೇಳಿದೆ. ಅವರು ನಗಲಿಲ್ಲ, ಬೈಯಲೂ ಇಲ್ಲ. ಹಿಂದೆ ಬೇರೊಂದು ದೇಶದಲ್ಲಿ ಮನೆಯವರ ಮಾತಿಗೆ ಕಾಯದೆ ಒಂದು ಮಗುವಿಗೆ ಚಾಕು ಹಿಡಿದಿದ್ದೆ, ಮಗು ಉಳಿಯಲಿಲ್ಲ, ಅದರ ಹೆತ್ತವರ ಮುಂದೆ ನಿಂತುಕೊಳ್ಳುವ ಮುಖ ನನಗಿರಲಿಲ್ಲ ಅಂದರು. "ಈ ಮಗು ನನ್ನದು, ನೀನು ಕೊಯ್ಯಿ ಅಂತ ಯಾರಾದರೂ ಒಬ್ಬರು ನನಗೆ ಹೇಳಬೇಕು. ಹುಸೇನಮ್ಮನಾದರೂ ಸರಿ. ಕರೆದುಕೊಂಡು ಬನ್ನಿ."

ಮಸ್ಕಿ

ಮರುದಿನ ಬೆಳಗಿನ ಮೊದಲ ಬಸ್ಸು ಹತ್ತಿದೆ. ಖಾದರ್ ಸಾಬರು ಆಸ್ಪತ್ರೆ ಬಿಟ್ಟು ಬರುವ ಹಾಗಿರಲಿಲ್ಲ. ದುರುಗಮ್ಮ ಮಗುವಿನ ಪಕ್ಕ ಬಿಟ್ಟು ಏಳುವವಳಲ್ಲ. ಒಬ್ಬಳೇ ಹೋದೆ, ನನ್ನ ಕನ್ನಡವನ್ನು ನಂಬಿಕೊಂಡು.

ಕಂಡಕ್ಟರನಿಗೆ, ಸಿಂಧನೂರಿನ ಕ್ಯಾಂಪಿಗೆ ಒಂದು ಟಿಕೆಟ್ ಕೊಡಿ ಅಂದೆ. "ಯಾವ ಕ್ಯಾಂಪ್ ರೀ?" ಅಂದ. ಎಷ್ಟಿವೆ ಅಂತ ಕೇಳಿದೆ. ಅವನು ಕೈ ಬೀಸಿ ಆಕಾಶದ ಉದ್ದಗಲ ತೋರಿಸಿದ. ಸಿಂಧನೂರಿಗೇ ಟಿಕೆಟ್ ತೆಗೆದುಕೊಂಡೆ.

ಮಸ್ಕಿಯಲ್ಲಿ ಬಸ್ಸಿನ ಟೈರು ಸೀಳಿತು. ಎಲ್ಲರೂ ಇಳಿದೆವು. ಎದುರಿಗೆ ದೊಡ್ಡ ಬಂಡೆಗುಡ್ಡ. ಅಶೋಕನ ಹೆಸರು ಕೆತ್ತಿದ ಬಂಡೆ ಅಲ್ಲೇ ಎಲ್ಲೋ ಇದೆ ಅಂತ ನಾನೇ ಓದಿದ್ದೆ. ಬೇರೆ ದಿನವಾಗಿದ್ದರೆ ಓಡಿ ಹೋಗಿ ನೋಡಿ ಬಂದು ಪಾಠ ಮಾಡುತ್ತಿದ್ದೆ. ಅವತ್ತು ಎರಡು ಸಾವಿರ ವರ್ಷದ ಕಲ್ಲಿಗಿಂತ ಮೂರು ವರ್ಷದ ಹುಡುಗನ ಹೊಟ್ಟೆಯ ಕಲ್ಲೇ ನನ್ನ ತಲೆಯಲ್ಲಿ ತುಂಬಿತ್ತು. ಚಹಾದಂಗಡಿಯ ಬೆಂಚಿನ ಮೇಲೆ ಕೂತು, ಪಕ್ಕದಲ್ಲಿದ್ದ ಹೆಂಗಸಿಗೆ ಸುಮ್ಮನೆ ನನ್ನ ಕಷ್ಟ ಹೇಳಿಕೊಂಡೆ. ಅವಳು ಅದನ್ನು ಗಂಡನಿಗೆ ಹೇಳಿದಳು, ಗಂಡ ಅಂಗಡಿಯವನಿಗೆ ಹೇಳಿದ. ಚಹಾ ಆರುವಷ್ಟರಲ್ಲಿ ಇಡೀ ಬಸ್ಸಿನ ಜನ ನನ್ನ ಸುತ್ತ ನಿಂತಿದ್ದರು.

ತಲೆಗೆ ಪಟಕ ಸುತ್ತಿದ ಯಜಮಾನರೊಬ್ಬರು ಕೇಳಿದರು: "ಯಾವ ಹುಸೇನಮ್ಮ? ಕೂಸು ಕೊಳ್ಳೋ ಹುಸೇನಮ್ಮನೇನ್ರಿ?"

"ಹಾಗಂತಾರಾ ಅವಳನ್ನು?"

"ನಮ್ಮ ತಂಗಿ ಮಗಳನ್ನೂ ಆಕೀನ ಕೊಂಡಾಳ್ರಿ. ಈಗ ಆ ಹುಡುಗಿ ಲಗ್ನಕ್ಕ ಬಂದಾಳ." ಅವರು ಬೆಳೆದ ಹುಡುಗಿಯ ಎತ್ತರವನ್ನು ಕೈಯಲ್ಲಿ ತೋರಿಸಿದರು.

ಆಮೇಲೆ ಒಬ್ಬ ಒಂದು ಕ್ಯಾಂಪ್ ಅಂದ, ಇನ್ನೊಬ್ಬ ಇನ್ನೊಂದು ಅಂದ. ದೊಡ್ಡ ಚರ್ಚೆ ನಡೆಯಿತು. ಕೊನೆಗೆ ಸಿಂಧನೂರು ದಾಟಿ, ಕಾಲುವೆಯ ಮೂರನೆಯ ತೂಬಿನ ಹತ್ತಿರದ ಕ್ಯಾಂಪ್ ಅಂತ ಇತ್ಯರ್ಥವಾಯಿತು. ಗಂಡಸರೆಲ್ಲ ಸೇರಿ ಚಾಲಕನ ಜೊತೆ ಕೈಹಾಕಿ ಟೈರು ಬದಲಾಯಿಸಿದರು. ಬಳಗಾನೂರಿಗೆ ಇಳಿಯಬೇಕಾದವರು ಇಳಿಯುವಾಗ ನನ್ನ ಕಡೆ ತಿರುಗಿ, "ಆರಾಮ ಆಗಲಿ ರೀ ಕೂಸು" ಅಂದು ಇಳಿದರು. ಮೈಸೂರಿನಲ್ಲಿ ಒಂದೇ ಬೀದಿಯಲ್ಲಿ ಹನ್ನೆರಡು ವರ್ಷ ಇದ್ದೇನೆ, ನನಗೆ ಟೈಫಾಯಿಡ್ ಆದಾಗ ಪಕ್ಕದ ಮನೆಯವರಿಗೆ ಗೊತ್ತಾದದ್ದು ವಾಸಿಯಾದ ಮೇಲೆ.

ಸಿಂಧನೂರಿನ ಆಚೆ

ಕಾಲುವೆಯನ್ನು ಮೊದಲ ಸಲ ನೋಡಿದಾಗ ನಾನು ನಿಜವಾಗಿಯೂ ನಿಂತುಬಿಟ್ಟೆ. ನಾನು ಕಾವೇರಿ ತೀರದವಳು, ನೀರು ನನಗೆ ಹೊಸದಲ್ಲ. ಆದರೆ ಅಷ್ಟು ದೂರ ಒಣ ಕಪ್ಪುನೆಲದಲ್ಲಿ ಬಂದಮೇಲೆ, ಏರಿ ಹತ್ತಿದ ತಕ್ಷಣ, ದಂಡೆ ತುಂಬಿ ಸದ್ದಿಲ್ಲದೆ ಹೋಗುವ ಆ ನೀರು. ಅದರಾಚೆಗೆ ಕಣ್ಣು ಮುಟ್ಟುವವರೆಗೂ ಎಳೆಯ ಹಸಿರು. ಗುದ್ದಲಿ ಹಿಡಿದು ಮನುಷ್ಯರು ಮಾಡಿದ ಹೊಳೆ ಇದು ಅಂತ ನೆನೆದು ಮೈ ಜುಮ್ಮೆಂದಿತು.

ಮೂರನೆಯ ತೂಬಿನಿಂದ ಗದ್ದೆಯ ಬದುವಿನ ಮೇಲೆ ನಡೆದೆ. ಕಾಲುವೆ ನೀರು ಕುಡಿದ ಕರಿಮಣ್ಣು ನಮ್ಮ ಕೆಮ್ಮಣ್ಣಿನ ಹಾಗಲ್ಲ. ಹೆಜ್ಜೆಗೊಂದು ಸೇರು ಕಾಲಿಗೆ ಅಂಟುತ್ತದೆ. ರಾಯಚೂರಿನಲ್ಲಿ ಕೊಂಡ ಹೊಸ ಚಪ್ಪಲಿಗಳು ಎರಡೂ ಅಲ್ಲೇ ಹೂತುಹೋದವು. ಹುಡುಕುವುದಕ್ಕೂ ಹೋಗಲಿಲ್ಲ.

ಹತ್ತು ಹನ್ನೆರಡು ಹೆಂಗಸರು ಸಾಲಾಗಿ ಬಗ್ಗಿ ಸಸಿ ನೆಡುತ್ತಿದ್ದರು. "ಹುಸೇನಮ್ಮ!" ಅಂತ ಕೂಗಿದೆ. ಕಟ್ಟಕಡೆಯವಳು ಸೊಂಟ ನೆಟ್ಟಗೆ ಮಾಡಿ ನಿಂತಳು. ಅರವತ್ತರ ಆಸುಪಾಸು, ಒಣಗಿದ ಜಾಲಿ ಕೊರಡಿನ ಮೈ, ಹಣೆಯಲ್ಲಿ ಕಾಸಿನಗಲ ಕುಂಕುಮ. ಮೊಣಕಾಲವರೆಗೆ ಕೆಸರು. ನಾನು ಗುರುತಿನವಳಲ್ಲ, ಆದರೂ ನನ್ನ ಮುಖ ನೋಡಿದ ಕೂಡಲೇ "ಯಾವ ಕೂಸಿಗೇನಾತ್ರಿ?" ಅಂದಳು.

ಎಲ್ಲ ಹೇಳಿದೆ. ಅವಳಿಗೆ ನನ್ನ ಕನ್ನಡ ಪೂರ್ತಿ ತಿಳಿಯಿತು; ಅಥವಾ ಮಾತು ಬೇಕಾಗಲೇ ಇಲ್ಲವೋ ಏನೋ. ಕಾಲುವೆಯ ಸಣ್ಣ ಕವಲಿನಲ್ಲಿ ಕೈ ತೊಳೆದುಕೊಂಡು ಬದುವಿನ ಮೇಲೆ ನನ್ನ ಪಕ್ಕ ಕೂತಳು. ನಾನು ಕಾಗದವನ್ನೂ ಮಸಿಯ ಡಬ್ಬಿಯನ್ನೂ ತೆಗೆದೆ. ಇಲ್ಲೇ ಒತ್ತಿದರೂ ಆಯಿತು, ನನ್ನ ಜೊತೆ ಬಂದರೆ ಇನ್ನೂ ಒಳ್ಳೆಯದು ಅಂದೆ.

ಅವಳು ತನ್ನ ಎರಡು ಕೈಗಳನ್ನೂ ಬಿಚ್ಚಿ ನೋಡಿಕೊಂಡಳು. ನೀರಿನಲ್ಲಿ ನೆನೆದು ಬಿಳಿಚಿ ಸುಕ್ಕಾಗಿದ್ದವು.

"ನಾ ಒತ್ತಂಗಿಲ್ರಿ."

"ಯಾಕೆ?"

"ಈ ಕೈಲೆ ಅವನ್ನ ಹೊರಗ ತಗದೀನ್ರಿ. ಅರ್ಧ ದಿನ ಹೋರಾಡಿ ತಗದೀನಿ. ಈ ಕೈಲೇನ ಕೊಯ್ಯಿರಿ ಅಂತ ಹ್ಯಾಂಗ ಹೇಳ್ಲಿ? ಆಗವಲ್ದು ನನಗ." ಅವಳ ಕಣ್ಣಲ್ಲಿ ನೀರು ತುಂಬಿತು. "ದಾಕ್ಟರ್ ಬಾಯಿ ಕೊಯ್ದ್ರ ಉಳೀತಾನ ಅನ್ನೂದು ನನಗೂ ತಿಳೀತೈತ್ರಿ. ಕೈ ಏಳವಲ್ದು."

ಇಷ್ಟು ದೂರ ಬಂದು ಹೀಗಾಯಿತಲ್ಲ ಅಂತ ನನಗೆ ಅಳುವೇ ಬಂತು. ಗಂಟೆ ನೋಡಿಕೊಂಡೆ. ನಳಿಗೆ ಹಾಕಿ ಆಗಲೇ ಒಂದು ದಿನ ಕಳೆದಿತ್ತು. ಕೈ ಮುಗಿದು, ಬೇರೆ ದಾರಿ ಏನಾದರೂ ಇದೆಯಾ ತಾಯಿ ಅಂತ ಕೇಳಿದೆ.

ಹುಸೇನಮ್ಮ ನನ್ನನ್ನು ಕಾಲಿಂದ ತಲೆಯವರೆಗೆ ಅಳೆದಳು. "ನಿಮಗ ಧೈರ್ಯ ಐತೇನ್ರಿ?"

"ಇದೆ" ಅಂತ ಸುಳ್ಳು ಹೇಳಿದೆ.

"ಹಂಗಾರ ನೀವ ಕೊಳ್ರಿ."

ನನಗೆ ತಕ್ಷಣ ಹೊಳೆಯಲಿಲ್ಲ. ಸಾಲಿನ ಹೆಂಗಸರಿಗೆ ಹೊಳೆಯಿತು. ಅವರು ಆಗಲೇ ಸಸಿ ಬಿಟ್ಟು ಬದುವಿಗೆ ಹತ್ತುತ್ತಿದ್ದರು.

ತೌಡು ಬೇಕಲ್ಲ. ಎಲ್ಲರೂ ಸೇರಿ ನನ್ನನ್ನು ಹೊಲದ ಒಡತಿಯ ಮನೆಗೆ ಕರೆದುಕೊಂಡು ಹೋದರು. ಆಕೆ ತೆಲುಗಿನವಳು, ಎಮ್ಮೆಗೆ ಮೇವು ಹಾಕುತ್ತಿದ್ದವಳು "ಎಂದುಕಮ್ಮಾ ತೌಡು?" ಅಂತ ಕಾರಣ ಕೇಳಿದಳು. ಹೆಂಗಸರು ಕನ್ನಡ ತೆಲುಗು ಬೆರೆಸಿ ವಿವರಿಸಿದರು. ಆಕೆ ಗಟ್ಟಿಯಾಗಿ ನಕ್ಕು, ನಮ್ಮ ತಮ್ಮನ ಹೆಸರು ಪೆಂಟಯ್ಯ, ಪೆಂಟ ಅಂದರೂ ತಿಪ್ಪೆಯೇ, ಅವನನ್ನೂ ಹೀಗೇ ಮಾರಿ ಉಳಿಸಿಕೊಂಡಿದ್ದು ಅಂದಳು. ಆಗ ನನಗೆ ನಮ್ಮ ದೊಡ್ಡಜ್ಜಿ ನೆನಪಾದರು. ಅವರ ಹೆಸರು ತಿಪ್ಪಮ್ಮ. ಮನೆಯಲ್ಲಿ ಎಲ್ಲರೂ ಆ ಹೆಸರಿಗೆ ನಗುತ್ತಿದ್ದೆವು. ಅವರನ್ನು ಯಾರು ಯಾಕೆ ತಿಪ್ಪೆಯ ಮೇಲೆ ಇಟ್ಟಿದ್ದರು, ಅದಕ್ಕೆ ಮುಂಚೆ ಎಷ್ಟು ಮಕ್ಕಳು ಹೋಗಿದ್ದವು ಅಂತ ನಾವು ಒಬ್ಬರೂ ಒಂದು ದಿನವೂ ಕೇಳಿರಲಿಲ್ಲ. ಅವರನ್ನು ಹೆತ್ತ ತಾಯಿ ಇದನ್ನು ನಂಬಿದ್ದರಿಂದ ನಾನು ಇಲ್ಲಿ ನಿಂತಿದ್ದೇನೋ ಏನೋ, ಯಾರಿಗೆ ಗೊತ್ತು.

ಮೊರದ ತುಂಬ ತೌಡು ಕೊಟ್ಟರು. ಹುಸೇನಮ್ಮ ಸೆರಗೊಡ್ಡಿ ನಿಂತಳು.

"ಮಗು ಇಲ್ಲಿಲ್ಲವಲ್ಲ?" ಅಂದೆ.

"ಕೂಸು ಎಲ್ಲಿದ್ರೇನ್ರಿ, ಮಾತು ಇಲ್ಲೈತಲ್ಲ. ಸುರೀರಿ."

ಸುರಿದೆ. ಗಾಳಿಗೆ ಅರ್ಧ ತೌಡು ನನ್ನ ಮುಖಕ್ಕೇ ಹಾರಿತು. ಯಾರೂ ನಗಲಿಲ್ಲ.

"ತಿಪ್ಪಣ್ಣನ್ನ ಮಾರೀನಿ" ಅಂದಳು ಹುಸೇನಮ್ಮ.

"ಕೊಂಡೆ" ಅಂದೆ. ಕೆಮ್ಮು ಬಂತು.

"ಎಲ್ಲಾರೂ ನೋಡೀರಿಲ್ಲೋ?" ಅಂತ ಅವಳು ಸುತ್ತ ನೋಡಿದಳು. "ನೋಡೀವಿ" ಅಂದರು ಹೆಂಗಸರು. ಹುಸೇನಮ್ಮ ಸೆರಗಿನ ಗಂಟು ಹಾಕಿಕೊಂಡು, ನನ್ನ ಕೆನ್ನೆಯ ಮೇಲಿನ ತೌಡನ್ನು ಹೆಬ್ಬೆರಳಿನಿಂದ ಒರೆಸಿದಳು. "ಇನ್ನ ಅವನ ಬ್ಯಾನಿ ನಿಮ್ದು. ಹೋಗ್ರಿ, ಬಸ್ ತಪ್ಪತೈತಿ."

ಮತ್ತೆ ಲಿಂಗಸುಗೂರು

ದೀಪ ಹಚ್ಚುವ ಹೊತ್ತಿಗೆ ಬರಿಗಾಲಿನಲ್ಲಿ ಬಂದು ತಲುಪಿದೆ. ಎಲ್ಸಾ ಎದ್ದು ನಿಂತು, ಹುಸೇನಮ್ಮ ಎಲ್ಲಿ ಅಂದರು.

"ಅವಳು ಬರಲಿಲ್ಲ. ಮಗು ಈಗ ನನ್ನದು. ನಾನು ಕೊಂಡೆ."

ಅವರು ಕುರ್ಚಿ ತೋರಿಸಿ ಕೂರಿಸಿ, ಎದುರಿಗೆ ತಾವೂ ಕೂತು, ಪ್ರತಿಯೊಬ್ಬ ತಂದೆತಾಯಿಗೂ ಹೇಳುವ ಮಾತನ್ನೇ ನನಗೆ ಹೇಳಿದರು. ಹೊಟ್ಟೆಯ ಕೆಳಗೆ ಇಷ್ಟು ಕೊಯ್ಯುತ್ತೇನೆ. ಪ್ರಜ್ಞೆ ತಪ್ಪಿಸಬೇಕು. ಮಗು ಎಚ್ಚರಗೊಳ್ಳದೆಯೂ ಹೋಗಬಹುದು. ನಿಮಗೆ ಒಪ್ಪಿಗೆಯೇ?

ಆ ಮಾತನ್ನು ಆ ಐದು ದಿನಗಳಲ್ಲಿ ನಾನು ಎಷ್ಟು ತಾಯಂದಿರಿಗೆ ಕನ್ನಡಿಸಿದ್ದೆನೋ. ಎಚ್ಚರಗೊಳ್ಳದೆಯೂ ಹೋಗಬಹುದು, ಒಪ್ಪಿಗೆಯೇ, ಇಲ್ಲಿ ಒತ್ತು, ಮುಂದಿನವರು ಬನ್ನಿ. ಪಾಠ ಒಪ್ಪಿಸಿದ ಹಾಗೆ ಹೇಳಿದ್ದೆ. ಈಗ ಅದೇ ಮಾತು ನನ್ನ ಕಿವಿಗೆ ಬಿದ್ದಾಗ ಪೆನ್ನು ಕೈಯಿಂದ ಜಾರಿತು. ಅಷ್ಟು ಹೆಂಗಸರು ಅದನ್ನು ಕೇಳಿಸಿಕೊಂಡು, ಅಳದೆ, ಕೈ ನಡುಗಿಸದೆ, ಕಾಗದದ ಮೇಲೆ ಹೆಬ್ಬೆಟ್ಟು ಊರಿ ಎದ್ದು ಹೋಗಿದ್ದರಲ್ಲ! ಅವರ ಮುಂದೆ ನಾನು ಯಾವ ಲೆಕ್ಕ ಅನ್ನಿಸಿತು. ಎರಡನೆಯ ಸಲ ಪೆನ್ನು ಹಿಡಿದು ಸಹಿ ಮಾಡಿದೆ. ಸಂಬಂಧ ಅಂತ ಬರೆದಿದ್ದ ಕಡೆ "ತಾಯಿ" ಅಂತ ಬರೆದೆ.

ಬೆಳಿಗ್ಗೆ ತಿಪ್ಪಣ್ಣನನ್ನು ಒಳಗೆ ತೆಗೆದುಕೊಂಡು ಹೋದರು. ದುರುಗಮ್ಮನೂ ನಾನೂ ಶಾಲೆಯ ಮೆಟ್ಟಿಲ ಮೇಲೆ ಕೂತೆವು. ತೌಡಿನ ವಿಷಯ ಖಾದರ್ ಸಾಬರು ಅವಳಿಗೆ ಹೇಳಿದ್ದರು. ನಾನು ಎದ್ದು ಅತ್ತಿಂದಿತ್ತ ಓಡಾಡಿದೆ, ಬಾಗಿಲಿಗೆ ಕಿವಿಗೊಟ್ಟೆ, ಖಾದರ್ ಸಾಬರ ಮೇಲೆ ಸುಮ್ಮಸುಮ್ಮನೆ ರೇಗಿದೆ. ಬಾಗಿಲು ತೆಗೆದು ಎಲ್ಸಾ ಬಂದು ಅಂಗೈ ಬಿಚ್ಚಿದರು. ಹುಣಸೆಬೀಜಕ್ಕಿಂತ ದೊಡ್ಡದು, ತರಿತರಿಯಾದ ಹಳದಿ ಕಲ್ಲು. ಅಷ್ಟನ್ನು ಆ ಪುಟ್ಟ ಹೊಟ್ಟೆ ಹೊತ್ತುಕೊಂಡಿತ್ತು. ದುರುಗಮ್ಮ ಕಲ್ಲನ್ನು ಮುಟ್ಟಿದಳು, ಆಮೇಲೆ ಎಲ್ಸಾರ ಕೈಯನ್ನು ಕಣ್ಣಿಗೊತ್ತಿಕೊಂಡಳು.

ಮೂರನೆಯ ದಿನ ಜ್ವರ ಬಂತು. ನರ್ಸಮ್ಮನವರು ಸಾಮಾನ್ಯ ಅಂದರು, ಎಲ್ಸಾ ಸಾಮಾನ್ಯ ಅಂದರು. ನಾನು ಕೇಳಲಿಲ್ಲ. ಗಂಟೆಗೊಂದು ಸಲ ಹಣೆ ಮುಟ್ಟಿದೆ, ಊಟ ಬಿಟ್ಟೆ, ಚಾಮುಂಡಿಗೆ ಹರಕೆ ಹೊತ್ತೆ, ಯಾರು ಏನಾದರೂ ಅಂದುಕೊಳ್ಳಲಿ ಅಂತ ಹುಸೇನಮ್ಮನ ದೇವರಿಗೂ ಹೊತ್ತೆ. ದುರುಗಮ್ಮ ಮಾತ್ರ ಬೀಸಣಿಗೆ ಬೀಸುತ್ತಾ ಕೂತಿದ್ದಳು. ಕೊನೆಗೆ "ಕುಂದರ್ರೀ ಅಕ್ಕಾರ, ಹಡದಾಕಿ ಆದ್ರ ಗಟ್ಟಿ ಇರಬೇಕ್ರಿ" ಅಂತ ನನಗೇ ಬುದ್ಧಿ ಹೇಳಿ, ತನ್ನ ಗಂಟಿನ ಸಜ್ಜೆ ರೊಟ್ಟಿ ಮುರಿದು ಕೊಟ್ಟಳು. ತಿಂದೆ.

ಜ್ವರ ಇಳಿಯಿತು. ಗಾಯ ಕೂಡಿತು. ನಳಿಗೆ ತೆಗೆದ ದಿನ ನಾನು ಅವನನ್ನು ಎತ್ತಿಕೊಂಡಿದ್ದೆ. ಎಲ್ಲರೂ ಸುತ್ತ ನಿಂತು ಕಾಯುತ್ತಿದ್ದಾಗ ಅವನು ಒಂದು ಹನಿ ಕಣ್ಣೀರಿಲ್ಲದೆ, ನಗುತ್ತಾ, ನನ್ನ ಸೀರೆಯ ಮೇಲೆ ಧಾರಾಳವಾಗಿ ಉಚ್ಚೆ ಹೊಯ್ದ. ಅಂಗಳದ ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು. ಡಾಕ್ಟರ್ ಎಲ್ಸಾ ಬಾಯಿ ಬಿಟ್ಟು ನಕ್ಕಿದ್ದನ್ನು ನಾನು ಕಂಡದ್ದು ಅವತ್ತು ಒಂದೇ ಸಲ.

ಹೊರಡುವ ದಿನ ನನ್ನ ಮನಸ್ಸಿನಲ್ಲಿ ಒಂದು ಕೆಲಸ ಬಾಕಿ ಇತ್ತು. ಖಾದರ್ ಸಾಬರ ಕೈಯಲ್ಲಿ ಒಂದು ಮೊರ ತೌಡು ತರಿಸಿ ದುರುಗಮ್ಮನ ಮುಂದಿಟ್ಟೆ. "ಇದನ್ನು ನನ್ನ ಸೆರಗಿಗೆ ಹಾಕು. ನಿನ್ನ ಮಗನನ್ನು ನೀನೇ ಕೊಂಡುಕೋ. ಕಲ್ಲು ಹೋಯಿತು, ಇನ್ನು ಭಯವಿಲ್ಲ. ಈಗಲಾದರೂ ಬಾಯಿ ತುಂಬ ನನ್ನ ಮಗ ಅನ್ನು."

ಅವಳು ತೌಡನ್ನು ನೋಡಿದಳು, ಮಗುವನ್ನು ನೋಡಿದಳು. ಅನ್ನುವ ಆಸೆ ಅವಳ ತುಟಿಯವರೆಗೆ ಬಂದಿದ್ದು ನನಗೆ ಕಾಣಿಸಿತು. ಅವಳು ಮೊರವನ್ನು ಮೆಲ್ಲಗೆ ನನ್ನ ಕಡೆಗೇ ತಳ್ಳಿದಳು.

"ಬ್ಯಾಡ್ರಿ ಅಕ್ಕಾರ. ನಿಮ್ಮವನಂತನ ಇರಲಿ. ಆ ಮೂರನ್ನ ಒಯ್ದದ್ದು ಮತ್ತ ಹುಡಿಕ್ಯಾಡಕೋಂತ ಬಂದ್ರ ಹುಸೇನಮ್ಮನ ಮನಿ ಸಮೀಪ ಐತಿ. ಮೈಸೂರು ದೂರ ಐತಲ್ರಿ."

ಆ ಭಾರವನ್ನು ನನ್ನ ತಲೆಗೆ ಹೊರಿಸುತ್ತಿರುವುದು ಅವಳಿಗೆ ಗೊತ್ತಿತ್ತು. ಅದಕ್ಕೇ ನನ್ನ ಕಾಲು ಮುಟ್ಟಲು ಬಗ್ಗಿದಳು. ನಾನು ಹಿಡಿದು ಎತ್ತಿದೆ. ಸರಿ ಅಂದೆ.

ಜೀಪು ಹೊರಟಿತು. ಗೇಟಿನ ಹತ್ತಿರ ಅವಳು ಮಗುವನ್ನು ಸೊಂಟದ ಮೇಲಿಟ್ಟುಕೊಂಡು ನಿಂತಿದ್ದಳು. ನಾನು ಹೊರಗೆ ತಲೆ ಹಾಕಿ, ಮೂವತ್ತು ಹುಡುಗಿಯರ ಗಲಾಟೆ ನಿಲ್ಲಿಸುವ ನನ್ನ ಗಂಟಲನ್ನು ಪೂರ್ತಿ ತೆರೆದು, ಯಾರು ಯಾರಿಗೆ ಕೇಳಬೇಕೋ ಅವರಿಗೆಲ್ಲ ಕೇಳಲಿ ಅಂತ ಕೂಗಿದೆ: "ಏ ದುರುಗಮ್ಮ! ನನ್ನ ಮಗ ಕಣೇ ಅವನು! ಹುಷಾರಾಗಿ ಸಾಕು!"

"ಹೂನ್ರಿ!" ಅಂತ ಅವಳೂ ಅಷ್ಟೇ ಗಟ್ಟಿಯಾಗಿ ಕೂಗಿದಳು. ಅಷ್ಟು ದಿನಗಳಲ್ಲಿ ಅವಳ ಮುಖ ಅರಳಿದ್ದನ್ನು ನಾನು ನೋಡಿದ್ದು ಅದೇ ಮೊದಲು. "ನಿಮ್ಮ ಮಗನ್ನ ಸಾಕತೀನ್ರಿ! ನೀವೇನೂ ಕಾಳಜಿ ಮಾಡಬ್ಯಾಡ್ರಿ!"